ನಿಂತ ಗಾಡಿಗೆ ಸಾಮಾನು ಹುಡುಕುವ ಬಗೆ

ಸಂಶಿ, ಕುಂದಗೋಳ, ಗುಡಗೇರಿ ಸುತ್ತಿನ ದೊಡ್ಡ ಮನೆತನಗಳ ಹಿತ್ತಲಲ್ಲಿ, ಹತ್ತಿ ಒಟ್ಟುವ ಗೋದಾಮಿನ ಮೂಲೆಯಲ್ಲಿ ಇನ್ನೂ ಒಂದೊಂದು ಫಿಯಟ್ ಇಲ್ಲವೇ ಅಂಬಾಸಿಡರ್ ನಿಂತಿರುತ್ತದೆ. ಅಜ್ಜ ಕೊಂಡದ್ದು, ಅಪ್ಪ ನಿಲ್ಲಿಸಿದ್ದು. ಮೊಮ್ಮಗ ಬೆಂಗಳೂರಿಂದ ಬಂದವನು ಮೇಲಿನ ತಾಡಪತ್ರಿ ಸರಿಸಿ, “ಮಿಸ್ತ್ರಿ, ಇದನ್ನ ಮತ್ತ ರೋಡಿಗೆ ತರೂಣೇನ್ರಿ?” ಅಂತ ಕೇಳುತ್ತಾನೆ. ತರಬಹುದು. ಅವನ ಎರಡನೆಯ ಪ್ರಶ್ನೆ “ಸಾಮಾನು ಸಿಗತಾವೇನ್ರಿ?” ಅದಕ್ಕೆ ಉತ್ತರ ಉದ್ದದ್ದು.

ನನ್ನ ಗ್ಯಾರೇಜು ನಡೆದದ್ದು ಟ್ರ್ಯಾಕ್ಟರಿನ ಮೇಲೆ. ಹಳೇ ಕಾರು ಹುಚ್ಚಿನ ಕೆಲಸ. ಧಾರವಾಡ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು, ನಮ್ಮ ಹಿರಿಯರ ವ್ಯಾಪಾರದ ದಾರಿಯೂ ಅತ್ತಲೇ. ಅದಕ್ಕೋ ಏನೋ, ನನ್ನ ಕೈಗೆ ಬಂದವುಗಳಲ್ಲಿ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯಟ್, ಪದ್ಮಿನಿಗಳೇ ಹೆಚ್ಚು. ಕೆಳಗಿನದೆಲ್ಲ ಬಹುಪಾಲು ಅವುಗಳ ಬೆನ್ನು ಹತ್ತಿ ಕಲಿತದ್ದು.

1. ಪೇಟೆಗೆ ಹೋಗುವ ಮೊದಲು ಪೂರ್ತಿ ಬಿಚ್ಚಿ

ಗೋದಾಮಿನಿಂದ ಹೊರಗೆ ತಂದ ದಿನವೇ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವವರಿದ್ದಾರೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ರಿಂಗು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತದೆ. ಜಬರದಸ್ತಿಯಿಂದ ತಿರುಗಿಸಿದರೆ ರಿಂಗು ಮುರಿಯುತ್ತದೆ, ಗೋಡೆ ಗೀರುತ್ತದೆ, ಉಳಿಯುತ್ತಿದ್ದ ಪಿಸ್ಟನ್ನು ಕೊಳ್ಳುವ ಪಟ್ಟಿಗೆ ಸೇರುತ್ತದೆ. ಪ್ಲಗ್ ಬಿಚ್ಚಿ ಎಣ್ಣೆ ಹನಿಸಿ, ಎರಡು ಮೂರು ದಿನ ಬಿಟ್ಟು, ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡಬೇಕು.

ನಮ್ಮ ಕಡೆ ಗಾಡಿ ಕೆಡುವ ರೀತಿಯೇ ಬೇರೆ. ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ತಿಂಗಳುಗಟ್ಟಲೆ ಹಸಿ ಇಟ್ಟುಕೊಳ್ಳುತ್ತದೆ. ಮಣ್ಣಿನ ನೆಲದ ಮೇಲೆ ನಿಂತ ಕಾರಿನ ಮಾಡು, ಬಾನೆಟ್ಟು ಚೆಂದ ಉಳಿದು, ತಳದ ತಗಡು ತಿಂದು ಹೋಗಿರುತ್ತದೆ. ಫಿಯಟಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ ಎರಡನ್ನೂ ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿ ನೋಡಿ. ಶೇಂಗಾ ಚೀಲ ಇಟ್ಟ ಗೋದಾಮಾದರೆ ವೈರಿಂಗಿನ ಆಸೆ ಬಿಡಿ, ಅದು ಇಲಿಯ ಪಾಲು.

ಬಿಚ್ಚಿದ್ದನ್ನು ಏನನ್ನೂ ಎಸೆಯಬಾರದು. ಹರಿದ ಬೀಡಿಂಗು, ಅರ್ಧ ಕಡಿದ ವೈರು, ಜಂಗು ಹಿಡಿದ ಬೋಲ್ಟು ಎಲ್ಲಕ್ಕೂ ಚೀಟಿ ಕಟ್ಟಿ ಇಡಿ. ಹೊಸದು ಕೊಳ್ಳಲಿ, ಮಾಡಿಸಲಿ, ಅಳತೆ ಇರುವುದು ಈ ಹಳೇ ತುಂಡಿನಲ್ಲಿ. ಆಮೇಲೆ ಮೂರು ಪಟ್ಟಿ ಬರೆಯಿರಿ: ರಿಪೇರಿ ಆಗುವುದು, ಮಾಡಿಸಬೇಕಾದದ್ದು, ಕೊಳ್ಳಲೇಬೇಕಾದದ್ದು. ಬರೆದು ನೋಡಿದರೆ ಮೂರನೆಯದು ಎಲ್ಲಕ್ಕಿಂತ ಸಣ್ಣದಿರುತ್ತದೆ. ಜಂಗು ಹಿಡಿದ ಸಣ್ಣ ಕಬ್ಬಿಣದ ಸಾಮಾನನ್ನು ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಅದ್ದಿಟ್ಟರೆ ಜಂಗು ಬಿಡುತ್ತದೆ, ಒಳ್ಳೆಯ ಕಬ್ಬಿಣ ಉಳಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಅದರಲ್ಲಿ ಹಾಕಬೇಡಿ. ಫಿಯಟ್ ಎಂಜಿನ್ನಿನ ಹೆಡ್ ಅಲ್ಯೂಮಿನಿಯಮ್ಮಿನದು.

2. ನಿಮ್ಮ ಗಾಡಿ ಯಾವುದೆಂದು ನಿಮಗೇ ಗೊತ್ತಿರಲಿ

‘ಫಿಯಟ್’ ಅಂದರೆ ಸಾಲದು. ಐವತ್ತರ ದಶಕದ, ಜನ ‘ಡುಕ್ಕರ್ ಫಿಯಟ್’ ಅನ್ನುತ್ತಿದ್ದ 1100 ಬೇರೆ, 1964ರ ಡಿಲೈಟ್ ಬೇರೆ, 1974ರಿಂದ ಪದ್ಮಿನಿ ಎಂದು ಹೆಸರು ಪಡೆದದ್ದು ಬೇರೆ. ಡಿಲೈಟಿನಿಂದ ಈಚೆಗೆ ಎಂಜಿನ್ನಿನ ಒಳಸಾಮಾನು ಹೆಚ್ಚು ಕಡಿಮೆ ಒಂದೇ. ಗ್ರಿಲ್ಲು, ದೀಪ, ಡ್ಯಾಶ್‌ಬೋರ್ಡು ಬದಲಾಗುತ್ತ ಹೋದವು.

ಈಗ ಇಟಲಿಯಿಂದಲೂ ಸಾಮಾನು ತರಿಸಬಹುದು, ಅಲ್ಲಿ ಈ ಕಾರಿಗೆ ‘ಮಿಲ್ಲೆಚೆಂಟೊ’ ಎಂಬ ಪ್ರೀತಿಯ ಹೆಸರಿದೆ. ಆದರೆ ಅಲ್ಲೊಂದು ಕುಣಿ ಇದೆ. ನಮ್ಮ ಎಂಜಿನ್ನು 1089 ಸಿಸಿ: ಬೋರು 68 ಮಿಲಿಮೀಟರು, ಸ್ಟ್ರೋಕು 75. ಇಟಲಿಯಲ್ಲಿ 1100ಡಿ ಹೆಸರಿನಲ್ಲಿ ಮಾರಿದ್ದು 1221 ಸಿಸಿ, ಅದರ ಬೋರು 72. ಹೆಸರು ಒಂದೇ ಎಂದು ಹೆಡ್ ಗ್ಯಾಸ್ಕೆಟ್ಟು, ಪಿಸ್ಟನ್ನು ತರಿಸಿದರೆ ಗೋಡೆಗೆ ತೂಗುಹಾಕಬೇಕಷ್ಟೆ. 1966ರಿಂದ 1969ರವರೆಗೆ ಅಲ್ಲಿ ತಯಾರಾದ 1100ಆರ್‌ನ ಎಂಜಿನ್ನು ಮತ್ತೆ 1089 ಸಿಸಿ. ಕೇಳುವುದಾದರೆ ಆ ಹೆಸರಿನಲ್ಲಿ ಕೇಳಿ. ಅಲ್ಲಿನ ಸ್ಟೇರಿಂಗು ಎಡಗಡೆ ಎಂಬುದನ್ನೂ ಮರೆಯಬೇಡಿ, ಸ್ಟೇರಿಂಗ್ ಬಾಕ್ಸು ನಮಗೆ ಬಾರದು. ಮೇಲೆ ಕಸ್ಟಮ್ಸ್ ಸುಂಕ, ಕೊರಿಯರು. ನಾನಂತೂ ಇಲ್ಲಿ ಎಲ್ಲ ಬಾಗಿಲು ತಟ್ಟಿದ ಮೇಲೆಯೇ ಅತ್ತ ನೋಡುವುದು.

ಅಂಬಾಸಿಡರಿನವರಿಗೆ ದಾರಿ ಸಲೀಸು. ಅದರ ಉತ್ಪಾದನೆ ಉತ್ತರಪಾರಾದಲ್ಲಿ 2014ರ ಮೇವರೆಗೂ ನಡೆಯಿತು. ಹಳೆಯ 1489 ಸಿಸಿ ಎಂಜಿನ್ನು ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್. ಎಂಜಿ-ಎ ಸ್ಪೋರ್ಟ್ಸ್ ಕಾರಿನಲ್ಲೂ ಅದೇ ಕುಲದ ಎಂಜಿನ್ನು ಇದ್ದುದರಿಂದ ಬ್ರಿಟನ್ನಿನಲ್ಲಿ ಇನ್ನೂ ಅದರ ಸಾಮಾನು ತಯಾರಾಗುತ್ತದೆ. 1992ರ ನಂತರದ ಇಸುಜು ಎಂಜಿನ್ನಿಗೆ ಈ ಮಾತು ಹೊಂದುವುದಿಲ್ಲ. ಇನ್ನೊಂದು: ಫಿಯಟಿನ ಬೋಲ್ಟು ಮಿಲಿಮೀಟರಿನದು, ಅಂಬಾಸಿಡರಿನದು ಇಂಚಿನದು. ಎರಡೂ ಗಾಡಿ ಬಿಚ್ಚಿದ ಗ್ಯಾರೇಜಿನಲ್ಲಿ ಡಬ್ಬಿ ಬೇರೆ ಬೇರೆ ಇಡದಿದ್ದರೆ ಥ್ರೆಡ್ಡು ಹಾಳಾಗುವುದು ಗ್ಯಾರಂಟಿ.

3. ಹೆಸರು ಹೇಳಬೇಡಿ, ನಂಬರು ಹೇಳಿ

ಹುಬ್ಬಳ್ಳಿಯ ಯಾವ ಅಂಗಡಿಗೆ ಹೋಗಿ “ಪದ್ಮಿನಿ ವೀಲ್ ಸೀಲ್ ಐತೇನ್ರಿ?” ಅಂತ ಕೇಳಿದರೂ ಹುಡುಗ ತಲೆ ಎತ್ತದೆ “ಬರಂಗಿಲ್ರಿ ಈಗ” ಅನ್ನುತ್ತಾನೆ. ಅದೇ ಹುಡುಗನಿಗೆ ಅಳತೆ ಹೇಳಿ, ಉದಾಹರಣೆಗೆ “25-47-7 ಸೀಲ್ ಕೊಡಪಾ” ಅನ್ನಿ, “ಎಷ್ಟ್ ಬೇಕ್ರಿ?” ಅಂತ ಕೇಳುತ್ತಾನೆ. ಸೀಲಿನ ಮೇಲೆ ಮೂರು ಅಂಕಿ ಒತ್ತಿರುತ್ತದೆ: ಒಳಸುತ್ತು, ಹೊರಸುತ್ತು, ದಪ್ಪ. ಅಳಿಸಿ ಹೋಗಿದ್ದರೆ ಶಾಫ್ಟು, ಕೂರುವ ಕುಣಿ ಎರಡನ್ನೂ ವರ್ನಿಯರಿನಿಂದ ಅಳೆದುಕೊಳ್ಳಿ. ಹಳೇ ಸೀಲನ್ನೇ ಅಳೆದರೆ ಅದು ಹಿಗ್ಗಿಯೋ ಕುಗ್ಗಿಯೋ ಇರುತ್ತದೆ.

ಬೇರಿಂಗೂ ಹೀಗೆಯೇ. 6204 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ. ಒಳಗಿನ ರಂಧ್ರ 20 ಮಿಲಿಮೀಟರು. 6205 ಆದರೆ 25. ಈ ಬೇರಿಂಗು ಪಂಪಿನಲ್ಲಿರಲಿ, ಹಿಟ್ಟಿನ ಗಿರಣಿಯಲ್ಲಿರಲಿ, ಕಾರಿನಲ್ಲಿರಲಿ, ಅಳತೆ ಒಂದೇ. ಫ್ಯಾನ್ ಬೆಲ್ಟು, ರೇಡಿಯೇಟರ್ ಹೋಸು, ಬ್ರೇಕಿನ ಕಪ್ಪು, ಬಲ್ಬು ಎಲ್ಲವೂ ಈ ಜಾತಿಯವು. ‘ಸಿಗುವುದಿಲ್ಲ’ ಎಂದು ಕೈಬಿಟ್ಟ ಪಟ್ಟಿಯ ದೊಡ್ಡ ಭಾಗ ಬೇರಿಂಗ್ ಅಂಗಡಿಯಲ್ಲೇ ಮುಗಿಯುತ್ತದೆ, ಅದೂ ಪುರಾತನ ಕಾರಿನ ಸಾಮಾನು ಎಂಬ ಹೆಚ್ಚಿನ ರೇಟು ಕೊಡದೆ. ಕಂಪನಿಯ ಪಾರ್ಟ್ಸ್ ಪುಸ್ತಕದ ಝೆರಾಕ್ಸ್ ಎಲ್ಲಿ ಸಿಕ್ಕರೂ ಮಾಡಿಸಿಕೊಳ್ಳಿ. ಹತ್ತು ವರ್ಷದಿಂದ ಧೂಳು ತಿಂದ ಡಬ್ಬಿಯಲ್ಲಿ ಏನಿದೆ ಎಂದು ಅಂಗಡಿಯವನಿಗೆ ಮರೆತಿರುತ್ತದೆ, ಡಬ್ಬಿಯ ಮೇಲಿನ ನಂಬರಿಗೆ ಮರೆವಿಲ್ಲ.

4. ಮುಂಬೈ ಟ್ಯಾಕ್ಸಿಯ ಸಾಮಾನು: ಬಾಗಿಲು ತನ್ನಿ, ಎಂಜಿನ್ನು ಬೇಡ

ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ತಾಡದೇವ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆ ಬಿಟ್ಟವು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಸಾವಿರಾರು ಟ್ಯಾಕ್ಸಿ ಗುಜರಿಗೆ ಬಿದ್ದು, ಅವುಗಳ ಸಾಮಾನು ಕುರ್ಲಾದ ಕಡೆ ರಾಶಿ ಬಿತ್ತು. ದೇಶದಲ್ಲಿ ಇಂಥ ಪೇಟೆ ಬೇರೆಯೂ ಇವೆ: ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಕೋಲ್ಕತ್ತಾದ ಮಲ್ಲಿಕ್ ಬಜಾರ್. ಅಂಬಾಸಿಡರಿಗೆ ಕೋಲ್ಕತ್ತಾ, ಪದ್ಮಿನಿಗೆ ಮುಂಬೈ, ಹೊಸ ಡಬ್ಬಿಯ ಮಾಲಿಗೆ ಜೆ.ಸಿ. ರಸ್ತೆ. ಹೆದ್ದಾರಿ ನಮ್ಮ ಹುಬ್ಬಳ್ಳಿ ದಾಟಿಯೇ ಅತ್ತಿತ್ತ ಹೋಗುವುದರಿಂದ ಲಾರಿಯಲ್ಲಿ ತರಿಸುವುದು ಕಷ್ಟವಿಲ್ಲ. ಬಾಗಿಲಿಗೆ ಗೋಣಿಚೀಲ ಸುತ್ತಿ, ಗಾಜು ಬೇರೆ ಕಟ್ಟಿ ಕಳಿಸಲು ಹೇಳಿ.

ಟ್ಯಾಕ್ಸಿಯಲ್ಲಿ ಯಾವುದು ತವೆದಿರುತ್ತದೆ, ಯಾವುದು ಇಲ್ಲ ಎಂದು ಯೋಚಿಸಿ ಕೊಳ್ಳಬೇಕು. ಗಿಯರು, ಕಿಂಗ್‌ಪಿನ್ನು, ಹಿಂಬದಿಯ ಬಾಗಿಲಿನ ಕೊಂಡಿ ಇವು ಮುಂಬೈಯ ಟ್ರಾಫಿಕ್ಕಿನಲ್ಲಿ ಸವೆದು ಸವೆದು ಬಂದಿರುತ್ತವೆ. ಬಹಳಷ್ಟು ಟ್ಯಾಕ್ಸಿಗಳು ಸಿಎನ್‌ಜಿ ಮೇಲೆ ಓಡಿದವು. ಒಣ ಗ್ಯಾಸಿಗೆ ವಾಲ್ವು, ವಾಲ್ವಿನ ಸೀಟು ಬೇಗ ತವೆಯುತ್ತವೆ, ಹೆಡ್ ಕೊಳ್ಳುವುದಾದರೆ ಬಿಚ್ಚಿ ತೋರಿಸದೆ ದುಡ್ಡು ಕೊಡಬೇಡಿ. ಬಂಪರು, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಕಿಟಕಿಯ ಯಂತ್ರ, ಮೀಟರಿನ ಡಬ್ಬಿ, ಗಾಜು ಧಾರಾಳವಾಗಿ ಕೊಳ್ಳಬಹುದು. ಜೇಬಿನಲ್ಲಿ ಸಣ್ಣ ಮ್ಯಾಗ್ನೆಟ್ಟು ಇರಲಿ: ಬಾಗಿಲಿನ ಕೆಳ ಅಂಚಿನಲ್ಲಿ ಅದು ಹಿಡಿಯದಿದ್ದರೆ ಬಣ್ಣದಡಿ ಇರುವುದು ತಗಡಲ್ಲ, ಪುಟ್ಟಿ. ಸಮುದ್ರದ ಗಾಳಿಯ ಊರಿನ ತಗಡು ಹೊರಗೆ ಹೊಳೆದರೂ ಒಳಮಗ್ಗುಲು ನೋಡಲೇಬೇಕು.

5. ಹಳೇ ಸ್ಟಾಕಿನ ಮಾಲಿನಲ್ಲಿ ಲೋಹ ನಂಬಿ, ರಬ್ಬರು ನಂಬಬೇಡಿ

ಡಬ್ಬಿ ಒಡೆಯದ ಹಳೇ ಸಾಮಾನು ಕಂಡರೆ ನಮ್ಮಂಥವರಿಗೆ ಆಸೆ. ಗ್ರೀಸು ಕಾಗದದಲ್ಲಿ ಸುತ್ತಿದ ಗಿಯರು, ವಾಲ್ವು, ಬೇರಿಂಗು ನಲವತ್ತು ವರ್ಷದ ಮೇಲೂ ಹೊಸದೇ. ಎಷ್ಟೋ ಸಲ ಇಂದಿನ ಡುಪ್ಲಿಕೇಟಿಗಿಂತ ಮೇಲು. ಬೆಂಗಳೂರಿನ ಮೈಕೊದ ಹಳೇ ಪ್ಲಗ್ಗು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ, ಪಿಂಗಾಣಿ-ಕಬ್ಬಿಣಕ್ಕೆ ವಯಸ್ಸಿಲ್ಲ. ಕಂಡೆನ್ಸರಿಗೆ ಇದೆ, ಅದನ್ನು ಹೊಸದೇ ಹಾಕಿ. ರಬ್ಬರಿನದು ಮಾತ್ರ ಬೇಡವೇ ಬೇಡ. ಹೋಸು, ಕಪ್ಪು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು ಡಬ್ಬಿಯಲ್ಲೇ ಒಣಗಿ ಬಿರಿಯುತ್ತವೆ.

ಹೊಸ ರಬ್ಬರಿಗೂ ಈಗ ಹೊಸ ಪರೀಕ್ಷೆ ಬಂದಿದೆ. ಬಂಕಿನಲ್ಲಿ ಈಗ ಬರುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಅರವತ್ತು-ಎಪ್ಪತ್ತರ ದಶಕದ ಗಾಡಿಯ ರಬ್ಬರು ಅದಕ್ಕೆ ಮಾಡಿದ್ದಲ್ಲ. ಮೆತ್ತಗಾಗಿ ಉಬ್ಬುತ್ತದೆ, ಸೋರುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ನಿಂತ ಗಾಡಿಯ ಟಾಕಿ ಒಳಗಿಂದ ಜಂಗು ಹಿಡಿಯುತ್ತದೆ. ಎಥನಾಲಿಗೆ ತಡೆಯುವ ಪೈಪು, ಡಯಾಫ್ರಮ್ಮು ಎಂದೇ ಕೇಳಿ ತನ್ನಿ. ಹಳೇ ಟಾಕಿಗೆ ಬೆಸುಗೆ ಹಾಕಿಸುವಾಗ ಎಚ್ಚರ: ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಸಿಡಿದರೆ ಜೀವ ಹೋಗುತ್ತದೆ. ತೊಳೆದು, ಕುದಿನೀರು ಹಾಯಿಸಿ, ಆ ಕೆಲಸ ಬಲ್ಲವರ ಕೈಗೇ ಕೊಡಿ.

ಟೈರು ಚೆಂದ ಕಾಣುತ್ತದೆಂದು ಇಟ್ಟುಕೊಳ್ಳಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ನಾಲ್ಕು ಅಂಕಿಯೇ ಇಲ್ಲದ ಟೈರು ಕಳೆದ ಶತಮಾನದ್ದು.

6. ಬ್ರೇಕಿನಲ್ಲಿ ಚೌಕಾಸಿ ಇಲ್ಲ

ಬಣ್ಣಕ್ಕೆ ಲಕ್ಷ ಸುರಿದು, ವೀಲ್ ಸಿಲಿಂಡರನ್ನು ಪಾಲಿಶ್ ಕಾಗದದಿಂದ ತಿಕ್ಕಿ ಹಾಕುವವರನ್ನು ಕಂಡಿದ್ದೇನೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಿಂತಲ್ಲೇ ಸಿಲಿಂಡರಿನೊಳಗೆ ಕುಣಿ ಬೀಳುತ್ತದೆ, ಆ ಕುಣಿ ಹೊಸ ಕಪ್ಪನ್ನು ಹರಿಯುತ್ತದೆ. ಹೊಸ ಸಿಲಿಂಡರು ಸಿಕ್ಕರೆ ಸರಿ. ಸಿಗದಿದ್ದರೆ ಹಳೆಯದನ್ನು ಬೋರ್ ಮಾಡಿಸಿ ಸ್ಟೀಲಿನ ಸ್ಲೀವು ಕೂರಿಸಿ, ಅದು ಹೊಸದಕ್ಕಿಂತ ಹೆಚ್ಚು ಬಾಳುತ್ತದೆ. ಎಂಜಿನ್ ಆಯಿಲಿನ ಒಂದು ಹನಿಯೂ ಬ್ರೇಕಿನ ರಬ್ಬರಿಗೆ ತಾಗಬಾರದು. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

7. ಸಿಗದ್ದನ್ನು ಮಾಡಿಸುವುದಕ್ಕೆ ನಮ್ಮಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ

ಇದು ಊರಿನ ಅಭಿಮಾನದ ಮಾತಲ್ಲ. ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಉದ್ಯಮನಗರ ಎರಡೂ ಎರಕ ಮತ್ತು ಲೇತಿನ ಕೆಲಸಕ್ಕೆ ಹೆಸರಾದವು. ಬುಶ್ಶು, ಪಿನ್ನು, ಪುಲ್ಲಿ, ವಾಟರ್ ಪಂಪಿನ ಶಾಫ್ಟು ಮಾಡಿಸಲು ಹಳೆಯ ತುಂಡು ಕೈಯಲ್ಲಿದ್ದರೆ ಸಾಕು. ಅಳತೆ ಕೊಡುವಾಗ ಸವೆದ ಭಾಗವನ್ನು ಬಿಟ್ಟು, ಸವೆಯದ ಅಂಚಿನಲ್ಲಿ ಅಳೆದು ಕೊಡಿ. ಇಲ್ಲದಿದ್ದರೆ ಸವೆದದ್ದೇ ಹೊಸದಾಗಿ ಬರುತ್ತದೆ.

ತಳದ ತಗಡಿಗೆ ದೂರ ಹೋಗುವುದೇ ಬೇಡ. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವವರು ತಗಡು ಮಡಚುವುದರಲ್ಲಿ ಪಳಗಿದವರು. ದಪ್ಪ ತಗಡಿನ ರೂಢಿ ಬಿಡಿಸಿ 20 ಗೇಜಿನಲ್ಲಿ ಕೆಲಸ ಮಾಡಿಸಬೇಕು, ಅಷ್ಟೇ. ಮೊದಲು ರಟ್ಟಿನಲ್ಲಿ ನಕ್ಷೆ ಕತ್ತರಿಸಿ ಕೊಟ್ಟರೆ ಜಗಳವಿಲ್ಲ. ಗಾಜಿನ ಬೀಡಿಂಗಿಗೆ ಹಳೆಯದರ ಎರಡು ಇಂಚು ತುಂಡು ಕಳಿಸಿದರೆ ರಬ್ಬರಿನವರು ಅದರ ಅಡ್ಡಕೊಯ್ತ ನೋಡಿ ಹೊಂದಿಸಿ ಕೊಡುತ್ತಾರೆ.

ಎಂಜಿನ್ನಿನ ಕೆಲಸದಲ್ಲಿ ಒಂದು ಕ್ರಮ ತಪ್ಪಬಾರದು. ಪಿಸ್ಟನ್ನು ಕೈಗೆ ಬಂದ ಮೇಲೆ ಬೋರಿಂಗ್. ಮೊದಲು ಬೋರ್ ಮಾಡಿಸಿ, ಆಮೇಲೆ ಆ ಸೈಜಿನ ಪಿಸ್ಟನ್ನು ದೇಶವೆಲ್ಲ ಹುಡುಕುತ್ತ ಕೂತವರಿದ್ದಾರೆ. ಕ್ರ್ಯಾಂಕಿಗೂ ಇದೇ ಮಾತು: ಬೇರಿಂಗು ಯಾವ ಸೈಜಿನದು ಸಿಕ್ಕಿದೆಯೋ ನೋಡಿ ಗ್ರೈಂಡಿಂಗ್ ಮಾಡಿಸಿ.

8. ಬ್ಲಾಕಿನ ನಂಬರು, ಆರ್‌ಸಿಯ ನಂಬರು

ಕೆಟ್ಟ ಎಂಜಿನ್ನು ತೆಗೆದು ಬೇರೆ ಯಾವುದೋ ಡೀಸೆಲ್ ಎಂಜಿನ್ನು ಕೂರಿಸಿಬಿಡೋಣ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಅದಕ್ಕೆ ಒಪ್ಪುವ ಮೊದಲು ನಿಯಮ ನೋಡಿಕೊಳ್ಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅದಕ್ಕೆ ಚಾಸಿ, ಬಾಡಿ, ಎಂಜಿನ್ನು ಮೂಲದಲ್ಲಿದ್ದಂತೆಯೇ ಇರಬೇಕು. ಮೊದಲ ಪದ್ಮಿನಿಗಳು ಈಗ ಆ ವಯಸ್ಸು ಮುಟ್ಟಿವೆ. ಆದರೆ ‘ವಿಎ’ ಗಾಡಿಯಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ; ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಷ್ಟಕ್ಕೇ. ದಿನಾ ಓಡಿಸುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಬ್ಲಾಕು ಒಡೆದಿದ್ದು ಬೇರೆ ಬ್ಲಾಕು ಕೊಳ್ಳಲೇಬೇಕಾದರೆ ಅದೇ ಮಾದರಿಯದು ತನ್ನಿ. ಮಾರಿದವರ ಬಿಲ್ಲು, ಆ ಗಾಡಿ ಗುಜರಿಗೆ ಹೋದ ಕಾಗದ ಎರಡೂ ಇಸಿದುಕೊಳ್ಳಿ, ಆರ್‌ಸಿಯಲ್ಲಿ ಹೊಸ ನಂಬರು ಬರೆಸಿ. ನಂಬರು ಉಜ್ಜಿದ ಬ್ಲಾಕು ಅರ್ಧ ಬೆಲೆಗೆ ಸಿಕ್ಕರೂ ಮುಟ್ಟಬೇಡಿ, ಅದು ಕದ್ದ ಗಾಡಿಯದಾಗಿರಬಹುದು. ಎಂಜಿನ್ನಿಗೆ ಬಣ್ಣ ಹೊಡೆಯುವ ಮುಂಚೆ ನಂಬರಿನ ಮೇಲೆ ಟೇಪು ಅಂಟಿಸಿ. ಪಾಸಿಂಗಿಗೆ ಬಂದ ಇನ್ಸ್‌ಪೆಕ್ಟರು ಮೊದಲು ಬಗ್ಗಿ ನೋಡುವುದು ಅದನ್ನೇ.