ನೀರಿನಡಿಯ ಲೋಹಶೋಧಕ

ಹಾಸನ ಜಿಲ್ಲೆಯ ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 58 ಮೀಟರ್ ಎತ್ತರದ ಆ ಕಟ್ಟೆಯ ಹಿಂದೆ ನೀರು ಹಬ್ಬಿದಂತೆಲ್ಲ ಹಲವು ಹಳ್ಳಿಗಳೂ ಗದ್ದೆತೋಟಗಳೂ ಮುಳುಗಡೆಯಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಇಗರ್ಜಿಯು ಮಳೆಗಾಲದಲ್ಲಿ ಹಿನ್ನೀರಿನೊಳಗೆ ಅಡಗಿ, ಬೇಸಿಗೆಯಲ್ಲಿ ಮತ್ತೆ ತನ್ನ ಪಾಳುಗೋಡೆಗಳನ್ನು ತೋರಿಸುತ್ತದೆ. ಜನರು ಮನೆಗಳನ್ನು ಬಿಟ್ಟು ಹೋಗುವಾಗ ಬೇಕಾದುದನ್ನು ಹೊತ್ತುಕೊಂಡು ಹೋಗುತ್ತಾರೆ. ಆದರೆ ಬಾಗಿಲ ಚಿಲಕ, ಸವೆದ ನೇಗಿಲಗುಳ, ಬಾವಿಯ ರಾಟೆಯ ಅಚ್ಚು ಮೊದಲಾದುವನ್ನು ಯಾರು ನೆನೆಯುತ್ತಾರೆ? ಅಂಥವು ಹೂಳಿನೊಳಗೆ ಹುದುಗಿ ಉಳಿಯುತ್ತವೆ. ಒಂದು ಊರು ಹೇಗೆ ಬಾಳಿತು ಎಂಬುದನ್ನು ಮುಂದಿನವರಿಗೆ ಹೇಳಬಲ್ಲವು ಇಂತಹ ಅಲ್ಪವಸ್ತುಗಳೇ. ಅವುಗಳನ್ನು ನೀರಿನಡಿಯಲ್ಲಿ ಹುಡುಕಬೇಕಾದರೆ ಮುಳುಗುಗಾರನಿಗೆ ಕಣ್ಣು ಸಾಲದು. ಕೆಸರು ಕದಡಿದ ಹಿನ್ನೀರಿನಲ್ಲಿ ಅವನಿಗೆ ತನ್ನ ಕೈಯೇ ಕಾಣದಿರುವುದುಂಟು. ಅಲ್ಲಿ ಅವನ ನೆರವಿಗೆ ಬರುವ ಸಾಧನ ಲೋಹಶೋಧಕ.

ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ಎಂಬವರು 1943ರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದ ಮೇಲೆ ಮನುಷ್ಯನು ನೀರಿನಡಿಯಲ್ಲಿ ಮೀನಿನಂತೆ ಚಲಿಸುವುದು ಸಾಧ್ಯವಾಯಿತು. ಲೋಹಶೋಧಕದ ಚರಿತ್ರೆ ಅದಕ್ಕಿಂತ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರಿಗೆ ಗುಂಡೇಟು ತಗುಲಿತು. ಗುಂಡು ದೇಹದಲ್ಲಿ ಎಲ್ಲಿ ನಿಂತಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ದೂರವಾಣಿಯನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರು ಲೋಹವನ್ನು ಸದ್ದಿನಿಂದ ಸೂಚಿಸುವ ಉಪಕರಣವೊಂದನ್ನು ರಚಿಸಿ ತಂದರು. ಪ್ರಯೋಗಗಳಲ್ಲಿ ಚೆನ್ನಾಗಿ ನಡೆದ ಉಪಕರಣ ರೋಗಿಯ ಬಳಿ ಸೋತಿತು. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗುಗಳು ಅದನ್ನು ದಾರಿತಪ್ಪಿಸಿದವೆಂದು ಹೇಳುತ್ತಾರೆ; ವೈದ್ಯರು ದೇಹದ ಒಂದು ಬದಿಯಲ್ಲಿ ಮಾತ್ರ ಹುಡುಕಲು ಬಿಟ್ಟುದೂ ಒಂದು ಕಾರಣ. ಅಧ್ಯಕ್ಷರು ಬದುಕಲಿಲ್ಲ. ಇಂದಿನ ಮುಳುಗುಗಾರನ ಬೆನ್ನಿನ ಮೇಲೆಯೇ ಉಕ್ಕಿನ ಅಥವಾ ಅಲ್ಯೂಮಿನಿಯಂನ ಗಾಳಿತೊಟ್ಟಿ, ಸೊಂಟದಲ್ಲಿ ಸೀಸದ ತೂಕ, ಕಾಲಿನಲ್ಲಿ ಚಾಕು ಇರುತ್ತವೆ. ಶೋಧಕದ ಹಿಡಿಯನ್ನು ಉದ್ದವಾಗಿಟ್ಟು, ಸುರುಳಿಯನ್ನು ದೇಹದಿಂದ ದೂರ ಚಾಚಿ ನಡೆಸದಿದ್ದರೆ ಅವನು ಹುಡುಕುವುದು ತನ್ನನ್ನೇ!

ಉಪಕರಣದ ತತ್ತ್ವವು ಫ್ಯಾರಡೆಯವರು 1831ರಲ್ಲಿ ಕಂಡ ವಿದ್ಯುತ್ಕಾಂತ ಪ್ರೇರಣೆಯೇ. ತಂತಿಯ ಸುರುಳಿಯೊಂದರಲ್ಲಿ ಬದಲಾಗುವ ವಿದ್ಯುತ್ತನ್ನು ಹರಿಸಿದರೆ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದಲ್ಲಿ ಲೋಹದ ತುಂಡಿದ್ದರೆ ಅದರೊಳಗೆ ಸಣ್ಣ ಸುಳಿಪ್ರವಾಹಗಳು ಹುಟ್ಟುತ್ತವೆ. ಅವು ತಮ್ಮದೇ ಆದ ದುರ್ಬಲ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತವೆ. ಈ ಮರುದನಿಯನ್ನು ಉಪಕರಣವು ಕಿವಿಗೆ ಕೇಳುವ ಸದ್ದನ್ನಾಗಿ ಮಾಡುತ್ತದೆ. ಆದರೆ ಮರುದನಿ ಬಲು ಬೇಗ ಕ್ಷೀಣಿಸುವಂಥದು. ಸುರುಳಿಯ ಅಳತೆಯನ್ನು ಮೀರಿದ ದೂರದಲ್ಲಿ, ದೂರವು ಎರಡರಷ್ಟಾದರೆ ಸಂಕೇತವು ಸುಮಾರು 64ರಲ್ಲಿ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಆದಕಾರಣವೇ ನಾಣ್ಯದಂತಹ ಸಣ್ಣ ವಸ್ತು ಒಂದಡಿಯ ಸುಮಾರಿನಲ್ಲಿ ಹೂತಿದ್ದರೆ ಮಾತ್ರ ಸಿಕ್ಕೀತು. ಹತ್ತಾರು ಅಡಿ ಕೆಳಗಿರುವ ಕೊಪ್ಪರಿಗೆಯನ್ನು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದ ತೋರಿಸುವೆವೆಂದು ಹೇಳುವ ಜಾಹೀರಾತುಗಳನ್ನು ನಂಬಬೇಕಾಗಿಲ್ಲ.

ಇಂತಹ ಉಪಕರಣವನ್ನು ಆರಿಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದರ ಬೆಲೆಯದಲ್ಲ, ನೀರಿನದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಇದರಿಂದ ಅದು ಹೊಳೆಯ ನೀರಿಗಿಂತ ನೂರಾರು ಪಟ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಎಂದರೆ ಶೋಧಕದ ಪಾಲಿಗೆ ಸಮುದ್ರವೇ ಒಂದು ದೊಡ್ಡ ಲೋಹದಂತೆ ತೋರುತ್ತದೆ. ಒಂದೇ ಆವೃತ್ತಿಯಲ್ಲಿ ಎಡೆಬಿಡದೆ ಕೆಲಸ ಮಾಡುವ ಸಾಧಾರಣ ಶೋಧಕವು ಉಪ್ಪುನೀರಿನಲ್ಲಿ ಕಾರಣವಿಲ್ಲದೆ ಅರಚತೊಡಗುತ್ತದೆ. ಆದುದರಿಂದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಂತಹ ಕಡಲಿನ ಎಡೆಗಳಿಗೆ ಮಿಡಿತದ ಶೋಧಕ ಒಪ್ಪುತ್ತದೆ. ಇದು ಸುರುಳಿಗೆ ಕ್ಷಣಕಾಲದ ವಿದ್ಯುತ್ ಮಿಡಿತವನ್ನು ಕೊಟ್ಟು, ನಿಲ್ಲಿಸಿ, ಬಳಿಕ ಕಿವಿಗೊಡುತ್ತದೆ. ಉಪ್ಪುನೀರಿನ ಮರುದನಿ ಒಡನೆಯೇ ಅಡಗುತ್ತದೆ, ಲೋಹದ ಮರುದನಿ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ತುಸು ಹೊತ್ತೇ ಇಲ್ಲಿ ಎಲ್ಲವೂ. ಹಲವು ಆವೃತ್ತಿಗಳನ್ನು ಒಟ್ಟಿಗೆ ಬಳಸಿ ಉಪ್ಪಿನ ಪ್ರಭಾವವನ್ನು ಕಳೆಯುವ ಶೋಧಕಗಳೂ ಇವೆ. ಹೇಮಾವತಿಯಂತಹ ಸಿಹಿನೀರಿನಲ್ಲಾದರೋ ಸಾಧಾರಣ ಶೋಧಕವೇ ಸಾಕು. ಲೋಹಗಳ ಜಾತಿಯನ್ನು ಒಂದಿಷ್ಟು ಗುರುತಿಸಬಲ್ಲದೆಂಬ ಗುಣವೂ ಅದಕ್ಕುಂಟು.

ಎರಡನೆಯ ಪ್ರಶ್ನೆ ಆಳದ್ದು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 30 ಮೀಟರ್ ಕೆಳಗೆ ಒಟ್ಟು ಒತ್ತಡ ನೆಲದ ಮೇಲಿನದರ ನಾಲ್ಕರಷ್ಟು. ‘ನೀರು ಹೊಗದು’ ಎಂದು ಬರೆದಿದ್ದರೆ ಸಾಲದು. ಕೆಲವು ಶೋಧಕಗಳು 3 ಮೀಟರಿನವರೆಗೆ ಮಾತ್ರ ತಾಳುತ್ತವೆ, ಅವು ಹೊಳೆಯ ದಡದಲ್ಲಿ ನಡೆದಾಡುವವರಿಗೆ ತಕ್ಕವು. ಮುಳುಗುಗಾರರಿಗಾಗಿಯೇ ಮಾಡಿದವು ಸುಮಾರು 60 ಮೀಟರನ್ನು ತಾಳುತ್ತವೆ. ವಿನೋದಕ್ಕಾಗಿ ಮುಳುಗುವವರಿಗೆ ವಿಧಿಸಿರುವ ಮಿತಿ 40 ಮೀಟರ್. ಉಳಿದ ಅಂಶಗಳು ಸಣ್ಣವಾದರೂ ಪ್ರಾಣಕ್ಕೆ ಸಂಬಂಧಿಸಿದವು. ತೇಲಿ ಮೇಲಕ್ಕೆಳೆಯುವ ಅಥವಾ ಭಾರದಿಂದ ಕೆಳಗೆಳೆಯುವ ಉಪಕರಣವು ಮುಳುಗುಗಾರನನ್ನು ದಣಿಸಿ ಅವನ ಗಾಳಿಯನ್ನು ಬೇಗ ಮುಗಿಸುತ್ತದೆ. ದೊಡ್ಡ ಸುರುಳಿ ಹೆಚ್ಚು ಆಳ ಮುಟ್ಟುವುದು ನಿಜ, ಆದರೆ ನೀರನ್ನು ತಳ್ಳಿಕೊಂಡು ಅದನ್ನು ಬೀಸುವುದು ಕಷ್ಟ. ಸಣ್ಣ ವಸ್ತುಗಳು ಅದಕ್ಕೆ ತಪ್ಪಿಯೂ ಹೋಗುತ್ತವೆ. ಕದಡಿದ ನೀರಿನಲ್ಲಿ ಮುಳ್ಳಿನ ಸೂಚಿಯನ್ನು ಓದಲಾಗದು, ಕಿವಿಯ ಸದ್ದೋ ಹಿಡಿಯ ಕಂಪನವೋ ಇರಬೇಕು. ಮುಳುಗಿದ ಮರಗಳ ಕೊಂಬೆಗಳಿರುವ ಜಲಾಶಯದಲ್ಲಿ ಜೋಲಾಡುವ ತಂತಿಗಳಿರುವ ಶೋಧಕವನ್ನು ಒಯ್ಯುವುದು ಅವಿವೇಕ. ಸದ್ದಿನ ಮೇಲೆ ಮನಸ್ಸಿಟ್ಟವನು ಗಾಳಿಯ ಅಳತೆ ನೋಡಲು ಮರೆತಾನು. ಜೊತೆಗಾರನಿಲ್ಲದೆ ಅವನು ಇಳಿಯಕೂಡದು.

ಇಷ್ಟಾದ ಮೇಲೆ ಉಳಿಯುವುದು ಮೂರನೆಯ ಪ್ರಶ್ನೆ: ಏನನ್ನು ಹುಡುಕಬೇಕು? ಅಂಗಡಿಯವನು ಹೆಮ್ಮೆಯಿಂದ ತೋರಿಸುವ ಗುಣವೊಂದಿದೆ. ಗುಂಡಿಯೊಂದನ್ನು ತಿರುಗಿಸಿದರೆ ಶೋಧಕವು ಕಬ್ಬಿಣಕ್ಕೆ ಸದ್ದು ಮಾಡದೆ ಚಿನ್ನ ಬೆಳ್ಳಿಗಳಿಗೆ ಮಾತ್ರ ದನಿಗೊಡುತ್ತದೆಯಂತೆ. ಉಂಗುರ ಕಳೆದುಕೊಂಡವನಿಗೆ ಇದು ಉಪಯುಕ್ತ. ಚರಿತ್ರೆಯನ್ನು ಹುಡುಕುವವನಿಗೆ ಇದು ನಷ್ಟ. ಹಡಗಿನ ಮೊಳೆ, ಲಂಗರು, ಕೋವಿ, ರೈತನ ಗುದ್ದಲಿ ಎಲ್ಲವೂ ಕಬ್ಬಿಣವೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಗೆ ಭಕ್ತರು ಕಾಸು ಹಾಕುವುದುಂಟು. ಹಿಂದಿನ ತಾಮ್ರದ ಕಾಸು ಇಂತಹ ಶೋಧಕಕ್ಕೆ ಕೇಳಿಸೀತು. ಈಗಿನ ರೂಪಾಯಿ ನಾಣ್ಯ ಹೆಚ್ಚು ಭಾಗ ಕಬ್ಬಿಣವಿರುವ ಉಕ್ಕಿನದಾದುದರಿಂದ (ಅಯಸ್ಕಾಂತವೊಂದನ್ನು ಹಿಡಿದು ನೋಡಬಹುದು) ಕಸವೆಂದು ತಳ್ಳಲ್ಪಡಬಹುದು.

ಲೋಹಕ್ಕೆ ಮಾತ್ರ ಕಿವಿಗೊಡುವವನು ಇನ್ನೂ ಹೆಚ್ಚನ್ನು ಕಳೆದುಕೊಳ್ಳುತ್ತಾನೆ. ಗೋವೆಯ ಸುಂಚಿ ದಿಬ್ಬದ ಬಳಿ ಒಡೆದ 17ನೆಯ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷಗಳನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಶೋಧಿಸಿದಾಗ ಕಬ್ಬಿಣದ ಫಿರಂಗಿಗಳ ಜೊತೆಗೆ ಆನೆಯ ದಂತಗಳೂ ನೀರಾನೆಯ ಹಲ್ಲುಗಳೂ ಚೀಣೀ ಪಿಂಗಾಣಿಯೂ ದೊರೆತವು. ಆ ಹಡಗು ಯಾವ ಯಾವ ನಾಡುಗಳ ವ್ಯಾಪಾರವನ್ನು ಹೊತ್ತಿತ್ತೆಂದು ತಿಳಿಸಿದವು ದಂತ ಪಿಂಗಾಣಿಗಳೇ. ಕನ್ನಡ ನಾಡಿನವರಾದ ಶಿಕಾರಿಪುರ ರಂಗನಾಥ ರಾವ್ (1922-2013) ಅವರು ಲೋಥಲ್‌ನ ಉತ್ಖನನದಿಂದ ಹೆಸರಾದ ಮೇಲೆ, ಇದೇ ಸಂಸ್ಥೆಯಲ್ಲಿ 1981ರಲ್ಲಿ ಆರಂಭವಾದ ಸಾಗರ ಪುರಾತತ್ತ್ವ ಕೇಂದ್ರದ ಮುಂದಾಳುತನ ವಹಿಸಿ, 1983ರಿಂದ ಗುಜರಾತಿನ ದ್ವಾರಕೆಯ ಕಡಲಿನಲ್ಲಿ ಶೋಧನೆ ನಡೆಸಿದರು. ದ್ವಾರಕೆಯ ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಅಲ್ಲಿ ಹಡಗುಗಳು ತಂಗುತ್ತಿದ್ದುವೆಂಬುದಕ್ಕೆ ಸಾಕ್ಷಿಯಾಗಿ ಸಿಕ್ಕಿದವು ತೂತು ಕೊರೆದ ಕಲ್ಲಿನ ಲಂಗರುಗಳು. ಅವುಗಳ ಮೇಲೆ ಎಷ್ಟು ಉತ್ತಮವಾದ ಲೋಹಶೋಧಕವನ್ನು ಆಡಿಸಿದರೂ ಅದು ಮೂಕವಾಗಿಯೇ ಇರುತ್ತದೆ.

ಸದ್ದು ಕೇಳಿದೊಡನೆ ತಜ್ಞರು ಅಗೆಯುವುದಿಲ್ಲ. ಆ ಸ್ಥಳಕ್ಕೆ ಗುರುತಿನ ಕಡ್ಡಿ ನೆಟ್ಟು, ಅಳೆದು, ನಕ್ಷೆ ಬರೆದು, ಚಿತ್ರ ತೆಗೆದ ಮೇಲೆ ಮಾತ್ರ ಕೈಯಿಡುತ್ತಾರೆ. ಯಾವುದರ ಪಕ್ಕದಲ್ಲಿ ಯಾವುದು ಇತ್ತೆಂಬುದು ಒಮ್ಮೆ ಅಳಿಸಿದರೆ ಮತ್ತೆ ಬರೆಯಲಾಗದು. ಸ್ವಂತಕ್ಕೆಂದು ಎತ್ತಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ. ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ವಿಧಿಸಿತ್ತು. ಕಡಲಿನಿಂದ ತೆಗೆದ ಕಬ್ಬಿಣವಂತೂ ಗಾಳಿಗೆ ಒಡ್ಡಿಕೊಂಡು ಒಣಗಿತೆಂದರೆ, ಒಳಗೆ ಸೇರಿದ ಉಪ್ಪಿನಿಂದ ಬಿರಿದು ಹುಡಿಯಾಗುತ್ತದೆ. ಅದನ್ನು ತೇವ ಆರದಂತೆ ಸಾಗಿಸಿ, ತೊಟ್ಟಿಯ ದ್ರಾವಣದಲ್ಲಿ ಮುಳುಗಿಸಿ, ದ್ರಾವಣವನ್ನು ಮತ್ತೆ ಮತ್ತೆ ಬದಲಿಸುತ್ತ ಉಪ್ಪನ್ನು ಹೊರಗೆಳೆಯಬೇಕು. ಫಿರಂಗಿಯಂತಹ ದೊಡ್ಡ ವಸ್ತುವಿಗೆ ಇದು ವರ್ಷಗಟ್ಟಲೆ ನಡೆಯುವ ಕೆಲಸ. ಅಂತಹ ತೊಟ್ಟಿಯೂ ಅಷ್ಟು ಕಾಲವೂ ಇಲ್ಲದೆಡೆಯಲ್ಲಿ ತಜ್ಞರು ಕಂಡುದನ್ನು ನಕ್ಷೆಯಲ್ಲಿ ಗುರುತಿಸಿ, ಮರಳು ಮುಚ್ಚಿ, ಅದನ್ನು ಅಲ್ಲಿಯೇ ಬಿಟ್ಟು ಮೇಲಕ್ಕೆ ಬರುತ್ತಾರೆ.