ಗಣಕಯಂತ್ರದೊಳಗಿನ ವೇಳೆಯ ಹಲಗೆ

ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವಿರುವುದು ನಮ್ಮ ಭಾಗದವರಿಗೆಲ್ಲ ತಿಳಿದ ಸಂಗತಿ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ದಿನವೊಂದನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ ವಿದ್ಯುತ್ತಿನ ಲೆಕ್ಕವಿಡುತ್ತಾರೆ. ಅಳತೆ ಸರಿಯಿದ್ದು ವೇಳೆ ತಪ್ಪಿದರೂ ಲೆಕ್ಕ ಕೆಡುತ್ತದೆ. ಇಂತಹ ಲೆಕ್ಕವಿಡುವ ಗಣಕಯಂತ್ರವು ತನ್ನೊಳಗೆ ವೇಳೆಯನ್ನು ಹೇಗೆ ಹಂಚುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ಗಣಕಯಂತ್ರದ ಸಮಸ್ತ ವ್ಯವಹಾರಗಳ ಮೇಲ್ವಿಚಾರಣೆ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಗಡಿಯಾರವು ಅದರ ಅಧೀನದಲ್ಲಿರುತ್ತದೆ. ಇತರ ಪ್ರೋಗ್ರಾಂಗಳು ವೇಳೆ ಬೇಕಾದಾಗಲೆಲ್ಲ ಕರ್ನೆಲ್ಲನ್ನು ಪ್ರವೇಶಿಸಿ ಕೇಳಬಹುದು. ಇದಕ್ಕೆ ಸಿಸ್ಟಂ ಕಾಲ್ ಎನ್ನುತ್ತಾರೆ. ಆದರೆ ಕ್ಷಣಕ್ಕೆ ಲಕ್ಷ ಸಲ ವೇಳೆ ಕೇಳುವ ಪ್ರೋಗ್ರಾಂಗಳಿಗೆ ಈ ಹೋಗಿಬರುವ ಶ್ರಮವೇ ಭಾರವಾಗುತ್ತದೆ. ಶಾಲೆಯ ಮಕ್ಕಳೆಲ್ಲರೂ ಗಂಟೆ ಕೇಳಲು ಮುಖ್ಯೋಪಾಧ್ಯಾಯರ ಕೊಠಡಿಗೇ ಹೋದರೆ ಹೇಗಾದೀತು?

ಆದ್ದರಿಂದ ಹೊರಗೊಂದು ಹಲಗೆಯನ್ನಿಟ್ಟು ವೇಳೆ ಬರೆಯುವ ಉಪಾಯ ಬಂದಿತು. ಲಿನಕ್ಸ್ ಕರ್ನೆಲ್ ತನ್ನ ಸ್ಮೃತಿಯ ಒಂದು ಪುಟವನ್ನು ಎಲ್ಲ ಪ್ರೋಗ್ರಾಂಗಳಿಗೂ ಕಾಣುವಂತೆ ಇಡುತ್ತದೆ. ಅವು ಅದನ್ನು ಓದಬಹುದೇ ಹೊರತು ತಿದ್ದಲಾಗದು. ಪುಟದಲ್ಲಿ ಕರ್ನೆಲ್ ಕಡೆಯ ಬಾರಿ ಬರೆದ ವೇಳೆ, ಆಗ ಪ್ರೊಸೆಸರಿನ ಎಣಿಕೆಯಂತ್ರ ತೋರಿದ ಸಂಖ್ಯೆ ಮತ್ತು ಅದರ ವೇಗ ಇರುತ್ತವೆ. ಪ್ರೋಗ್ರಾಂ ಈಗಿನ ಎಣಿಕೆಯನ್ನು ತಾನೇ ಓದಿ, ಹಿಂದಿನದನ್ನು ಕಳೆದು, ವೇಗಕ್ಕನುಸಾರ ಕಾಲವನ್ನಾಗಿ ಪರಿವರ್ತಿಸಿ, ಬರೆದ ವೇಳೆಗೆ ಕೂಡಿಸಿಕೊಳ್ಳುತ್ತದೆ. ಈ ಗಣನೆಯ ವಿಧಾನವನ್ನೂ ಕರ್ನೆಲ್ಲೇ ಒದಗಿಸುತ್ತದೆ. ಆ ಭಾಗವನ್ನು ವಿಡಿಎಸ್ಒ ಎಂದು ಕರೆಯುತ್ತಾರೆ.

ಇಲ್ಲೊಂದು ಅಪಾಯವುಂಟು. ಹಲಗೆಯ ಮೇಲೆ 9 ಗಂಟೆ 59 ನಿಮಿಷವೆಂದಿದೆ. ಅದನ್ನು ಅಳಿಸಿ 10 ಗಂಟೆ 00 ನಿಮಿಷವೆಂದು ಬರೆಯುತ್ತಿದ್ದಾರೆ. ಓದುವವನು ಗಂಟೆಯನ್ನು ಹಳೆಯದಾಗಿಯೂ ನಿಮಿಷವನ್ನು ಹೊಸದಾಗಿಯೂ ಕಂಡರೆ 9 ಗಂಟೆ 00 ಎಂದು ತಿಳಿದಾನು! ಎರಡೂ ಅಂಕಿಗಳು ಹಲಗೆಯವೇ, ಆದರೂ ಓದಿದ್ದು ಸುಳ್ಳು. ಒಂದು ಗಂಟೆಯ ತಪ್ಪೆಂದರೆ ವಿದ್ಯುತ್ತಿನ ಲೆಕ್ಕದಲ್ಲಿ ನಾಲ್ಕು ಭಾಗಗಳ ತಪ್ಪು.

ಇದರ ಪರಿಹಾರ ಬಹು ಸರಳ. ಪುಟದಲ್ಲಿ ಒಂದು ಕ್ರಮಸಂಖ್ಯೆಯೂ ಇರುತ್ತದೆ. ಕರ್ನೆಲ್ ಬರೆಯಲಾರಂಭಿಸುವಾಗ ಅದನ್ನು ಒಂದು ಹೆಚ್ಚಿಸುತ್ತದೆ. ಮುಗಿಸಿದಾಗ ಮತ್ತೊಂದು ಹೆಚ್ಚಿಸುತ್ತದೆ. ಹೀಗಾಗಿ ಬೆಸಸಂಖ್ಯೆಯಿದ್ದರೆ ಬರವಣಿಗೆ ನಡೆದಿದೆ ಎಂದರ್ಥ. ಓದುವವನು ಮೊದಲು ಮತ್ತು ಕೊನೆಗೆ ಈ ಸಂಖ್ಯೆಯನ್ನು ನೋಡುತ್ತಾನೆ. ಎರಡು ಸಲವೂ ಅದೇ ಸಮಸಂಖ್ಯೆ ಕಂಡರೆ ಓದಿದ್ದು ಸತ್ಯ. ಇಲ್ಲವಾದರೆ ಮತ್ತೆ ಓದಬೇಕು. ಬರೆಯುವವನು ಓದುವವರಿಗಾಗಿ ಕಾಯಬೇಕಾಗಿಲ್ಲ. ಎಣಿಕೆಯಂತ್ರವೇ ವಿಶ್ವಾಸಾರ್ಹವಲ್ಲದಿದ್ದರೆ ಕರ್ನೆಲ್ ಅದನ್ನು ಪುಟದಲ್ಲಿ ಸೂಚಿಸುತ್ತದೆ. ಆಗ ಪ್ರೋಗ್ರಾಂ ಹಳೆಯ ಸಿಸ್ಟಂ ಕಾಲ್ ಮಾರ್ಗವನ್ನೇ ಹಿಡಿಯುತ್ತದೆ.

ಬರೆಯುವವನು ಒಬ್ಬನೇ ಇರಲಿ, ಓದುವವರು ಎಷ್ಟಾದರೂ ಇರಲಿ, ಓದಿದ್ದನ್ನು ಪರೀಕ್ಷಿಸುವ ಹೊಣೆ ಓದಿದವನದೇ ಆಗಿರಲಿ ಎಂಬುದು ಈ ವ್ಯವಸ್ಥೆಯ ತತ್ತ್ವ. ಶೀಘ್ರತೆಗಾಗಿ ಸತ್ಯವನ್ನು ಬಲಿಗೊಡದ ಈ ಕ್ರಮವು ವಿದ್ಯಾರ್ಥಿಗಳು ಮನನ ಮಾಡತಕ್ಕದ್ದಾಗಿದೆ.