ಗೆಳೆಯರೊಡನೆ ಸಂಗೀತ ಕಚೇರಿಗೆ: ಸಂಪರ್ಕಮುಖದ ಶಾಸ್ತ್ರ

ಚೈತ್ರಮಾಸ ಬಂದಿತೆಂದರೆ ಬೆಂಗಳೂರಿನಲ್ಲಿ ರಾಮನವಮಿಯ ಸಂಗೀತೋತ್ಸವಗಳು ತೊಡಗುವುವು. ೧೯೩೯ರಲ್ಲಿ ಸ್ಥಾಪಿತವಾದ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಹಲವು ವಾರಗಳ ಕಾಲ ಕಚೇರಿಗಳನ್ನು ಏರ್ಪಡಿಸುವ ಸಂಪ್ರದಾಯವನ್ನು ಬೆಳೆಸಿದೆ. ಅದೇ ದಿನಗಳಲ್ಲಿ ಬೇರೆ ಬಡಾವಣೆಗಳಲ್ಲಿಯೂ ಹಾಡುಗಾರಿಕೆ, ವೀಣೆ, ಕೊಳಲುಗಳ ಕಚೇರಿಗಳುಂಟು. ಸುದ್ದಿಗೇನೂ ಕೊರತೆಯಿಲ್ಲ. ಪತ್ರಿಕೆಯಲ್ಲಿ ಪಟ್ಟಿ ಬರುವುದು. ಕೈಯಲ್ಲಿರುವ ಫೋನಿಗೂ ಆಹ್ವಾನ ಬರುವುದು. ಆದರೂ ನಾವು ಎಷ್ಟು ಸಾರಿ ಮನೆಯಲ್ಲಿಯೇ ಉಳಿದುಬಿಡುವೆವು! ಮರುದಿನ ಸ್ನೇಹಿತರು ಎದುರಾದಾಗ, “ನೀವು ಬರುವಿರೆಂದು ತಿಳಿದಿದ್ದರೆ ನಾನೂ ಹೊರಡುತ್ತಿದ್ದೆ” ಎಂದು ಒಬ್ಬರು ಹೇಳಿದರೆ, “ನನ್ನದೂ ಅದೇ ಮಾತು” ಎಂದು ಇನ್ನೊಬ್ಬರು ಹೇಳುವರು. ಇಬ್ಬರಿಗೂ ಹೋಗುವ ಆಸೆಯಿತ್ತು, ಇಬ್ಬರೂ ಹೋಗಲಿಲ್ಲ.

ಇದು ಚಿಕ್ಕ ನಷ್ಟವೆಂದು ತೋರಬಹುದು. ಆದರೆ ಬರಿದಾದ ಕುರ್ಚಿಗಳ ಮುಂದೆ ಕುಳಿತು ಹಾಡುವ ತರುಣ ಕಲಾವಿದರನ್ನು ನೆನೆಯೋಣ. ಜೊತೆಯಿಲ್ಲದೆ ಸಂಜೆ ಹೊರಡಲಾರದೆ, ಕಡೆಗೆ ಕಚೇರಿಗಳನ್ನೇ ಮರೆತ ಹಿರಿಯರನ್ನು ನೆನೆಯೋಣ. ಆಗ ಇದು ಚಿಕ್ಕದಲ್ಲವೆಂದು ಮನವರಿಕೆಯಾಗುವುದು. ಈ ತೊಡಕನ್ನು ಬಿಡಿಸಲು ಕಂಪ್ಯೂಟರ್ ನಮಗೆ ನೆರವಾಗಬಲ್ಲುದೆ? ಆಗಬಲ್ಲುದಾದರೆ ಅದರ ಮುಖ ಹೇಗಿರಬೇಕು?

ಸಂಪರ್ಕಮುಖವೆಂದರೇನು?

ಯಂತ್ರದ ಒಳಗೆ ಏನೇ ನಡೆಯುತ್ತಿರಲಿ, ನಾವು ಕಾಣುವುದು ಅದರ ಪರದೆಯನ್ನು, ಅದರ ಮೇಲಣ ಅಕ್ಷರಗಳನ್ನು, ಒತ್ತುವ ಗುಂಡಿಗಳನ್ನು ಮಾತ್ರ. ಮನುಷ್ಯನೂ ಯಂತ್ರವೂ ಸಂಧಿಸುವ ಈ ತಾಣಕ್ಕೆ ‘ಇಂಟರ್‌ಫೇಸ್’ ಎಂದು ಹೆಸರು. ನಾವು ಇದನ್ನು ‘ಸಂಪರ್ಕಮುಖ’ ಎಂದು ಕರೆಯೋಣ. ಮನೆಗೆ ಹೊಸ್ತಿಲು ಹೇಗೋ ಯಂತ್ರಕ್ಕೆ ಇದು ಹಾಗೆ. ಮನೆಯೊಳಗೆ ಎಷ್ಟೇ ಸಿರಿಯಿದ್ದರೂ ಹೊಸ್ತಿಲು ಎಡವುವಂತಿದ್ದರೆ ಬಂದವರು ಹಿಂದಿರುಗುವರು.

ಕಚೇರಿಗಳನ್ನು ಹುಡುಕಿಕೊಡುವ ಏರ್ಪಾಡುಗಳು ಈಗಾಗಲೇ ಇವೆ. ೨೦೦೭ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಸಾಂಗ್‌ಕಿಕ್’ ಅವುಗಳಲ್ಲೊಂದು. ನಾವು ಮೆಚ್ಚಿದ ಕಲಾವಿದರು ನಮ್ಮ ಊರಿಗೆ ಬರುವಾಗ ನಮಗೆ ಸೂಚನೆ ಕೊಡುವುದು ಇಂತಹ ಏರ್ಪಾಡಿನ ಮುಖ್ಯ ಕೆಲಸ. ಇದರಿಂದ ‘ಎಲ್ಲಿ, ಯಾವಾಗ, ಯಾರು’ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು. ‘ಯಾರೊಡನೆ’ ಎಂಬುದು ಬೇರೆಯೇ ಪ್ರಶ್ನೆ. ಮೊದಲು ಪಟ್ಟಿಯನ್ನೂ ಅನಂತರ ಜೊತೆಯನ್ನೂ ಪರಿಶೀಲಿಸೋಣ.

ಪಟ್ಟಿಯ ಭಾರ

೧೯೫೨ರಲ್ಲಿ ಇಂಗ್ಲೆಂಡಿನ ಹಿಕ್ ಎಂಬ ವಿಜ್ಞಾನಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಲವು ದೀಪಗಳಲ್ಲಿ ಒಂದು ಹೊತ್ತಿದೊಡನೆ ಅದಕ್ಕೆ ತಕ್ಕ ಕೀಲಿಯನ್ನು ಒತ್ತಬೇಕು. ದೀಪಗಳ ಸಂಖ್ಯೆ ಇಮ್ಮಡಿಯಾದರೆ ತಗಲುವ ಕಾಲ ಇಮ್ಮಡಿಯಾಗಲಿಲ್ಲ. ಪ್ರತಿಯೊಂದು ಇಮ್ಮಡಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕಾಲ ಮಾತ್ರ ಕೂಡಿತು. ಆದರೆ ಈ ನಿಯಮ ಅನ್ವಯಿಸುವುದು ಅಭ್ಯಾಸವಾದ ಆಯ್ಕೆಗಳಿಗೆ. ಗೊತ್ತಿಲ್ಲದ ಹೆಸರುಗಳ ಪಟ್ಟಿಯನ್ನು ಒಂದೊಂದಾಗಿಯೇ ಓದಬೇಕು. ಅಲ್ಲಿ ಹೆಸರುಗಳು ಎರಡರಷ್ಟಾದರೆ ಶ್ರಮವೂ ಎರಡರಷ್ಟಾಗುವುದು.

ಆಯ್ಕೆ ಹೆಚ್ಚಾದಷ್ಟೂ ಜನ ಕೈಬಿಡುವರೆಂಬ ವಾದವೂ ಉಂಟು. ೨೦೦೦ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ೨೪ ಬಗೆಯ ಜ್ಯಾಮ್ ಇಟ್ಟ ಮೇಜಿನ ಬಳಿ ನಿಂತವರಲ್ಲಿ ನೂರಕ್ಕೆ ಸುಮಾರು ೩ ಮಂದಿಯೂ, ೬ ಬಗೆ ಇಟ್ಟಾಗ ನೂರಕ್ಕೆ ಸುಮಾರು ೩೦ ಮಂದಿಯೂ ಕೊಂಡರು. ಆದರೆ ೨೦೧೦ರಲ್ಲಿ ಇಂತಹ ಅನೇಕ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡಿದಾಗ ಈ ಪರಿಣಾಮವು ಸರಾಸರಿಯಲ್ಲಿ ಸೊನ್ನೆಗೆ ಸಮೀಪವಾಗಿತ್ತು. ಆದುದರಿಂದ ಕಚೇರಿಗಳನ್ನು ಬಚ್ಚಿಡುವುದು ತರವಲ್ಲ. ದಿನ, ದೂರ, ವಾದ್ಯ ಇವುಗಳಿಂದ ಪಟ್ಟಿಯನ್ನು ಜರಡಿ ಹಿಡಿಯುವ ಅಧಿಕಾರವನ್ನು ಬಳಸುವವರಿಗೇ ಕೊಡುವುದು ಲೇಸು.

ಮೊದಲು ಹೊರಡುವವರು ಯಾರು?

ಈಗ ಜೊತೆಯ ಪ್ರಶ್ನೆಗೆ ಬರೋಣ. ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನವೆಟರ್ ಅವರು ೧೯೭೮ರಲ್ಲಿ ಗುಂಪಿನ ನಡೆಯನ್ನು ಕುರಿತು ಒಂದು ಸರಳ ಗಣಿತವನ್ನು ಮುಂದಿಟ್ಟರು. ಪ್ರತಿಯೊಬ್ಬರಿಗೂ ಒಂದು ಮಿತಿಸಂಖ್ಯೆಯುಂಟು: ‘ಬೇರೆ ಇಷ್ಟು ಮಂದಿ ಹೊರಟರೆ ನಾನೂ ಹೊರಡುವೆನು’ ಎಂಬುದೇ ಅದು. ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡೋಣ. ಅ, ಆ, ಇ, ಈ, ಉ ಎಂಬ ಐವರು ಗೆಳೆಯರಿರಲಿ. ಅವರ ಮಿತಿಗಳು ಕ್ರಮವಾಗಿ ೦, ೧, ೨, ೩, ೪ ಆಗಿರಲಿ. ‘ಅ’ ಯಾರನ್ನೂ ಕಾಯದೆ ಹೊರಡುವರು. ಅವರನ್ನು ಕಂಡು ‘ಆ’, ಇಬ್ಬರನ್ನು ಕಂಡು ‘ಇ’, ಹೀಗೆ ಐವರೂ ಚಪ್ಪರವನ್ನು ಸೇರುವರು.

ಈಗ ‘ಅ’ ಅವರ ಮಿತಿಯನ್ನು ಮಾತ್ರ ೦ಯಿಂದ ೧ಕ್ಕೆ ಬದಲಿಸೋಣ. ಉಳಿದವರ ಮನಸ್ಸು ಎಳ್ಳಷ್ಟೂ ಬದಲಾಗಿಲ್ಲ. ಆದರೂ ಫಲವೇನು? ‘ಅ’ ಇನ್ನೊಬ್ಬರಿಗಾಗಿ ಕಾಯುವರು, ‘ಆ’ ಕೂಡ ಕಾಯುವರು, ಯಾರೂ ಕದಲರು. ಐವರ ಬದಲು ಸೊನ್ನೆ! ಚಪ್ಪರ ಬರಿದಾದುದನ್ನು ಕಂಡು ‘ಜನರಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲ’ ಎಂದು ತೀರ್ಮಾನಿಸಿದರೆ ಅದು ಪೂರ್ಣವಾಗಿ ತಪ್ಪಾಗುವುದು. ಕೊರತೆಯಾದುದು ಆಸಕ್ತಿಯಲ್ಲ, ಮೊದಲ ಮಾತು.

ಸಂಪರ್ಕಮುಖದ ನಿಜವಾದ ಕೆಲಸ ಇಲ್ಲಿದೆ. ‘ಬರುವಿರಾ, ಇಲ್ಲವೇ?’ ಎಂದು ಮಾತ್ರ ಕೇಳುವ ಬದಲು, ‘ಎಷ್ಟು ಮಂದಿ ಬಂದರೆ ಬರುವಿರಿ?’ ಎಂದು ಅದು ಕೇಳಲಿ. ಉತ್ತರಗಳನ್ನು ಯಂತ್ರವು ಗುಟ್ಟಾಗಿ ಕೂಡಿಸಿಕೊಳ್ಳಲಿ. ಲೆಕ್ಕ ಸುಲಭ. ಮೊದಲು ಎಲ್ಲರೂ ಬರುವರೆಂದೇ ಭಾವಿಸಬೇಕು. ಯಾರ ಷರತ್ತು ಪೂರೈಸಲಿಲ್ಲವೋ ಅವರ ಹೆಸರನ್ನು ಹೊಡೆದುಹಾಕಬೇಕು. ಹೊಡೆಯಲು ಯಾರೂ ಉಳಿಯದವರೆಗೆ ಇದನ್ನೇ ಮಾಡಬೇಕು. ೧, ೧, ೨, ೩, ೪ ಎಂಬ ಮಿತಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ನಾಲ್ವರು ಜೊತೆಗಿರುವುದರಿಂದ ಒಂದು ಹೆಸರೂ ಹೋಗುವುದಿಲ್ಲ. ಕಾದು ಕುಳಿತಾಗ ಸೊನ್ನೆಯಾಗಿದ್ದ ಅದೇ ಗುಂಪು ಈಗ ಐದಾಯಿತು! ‘ಉ’ ಐವರನ್ನು ಬಯಸಿದ್ದರೆ ಅವರ ಹೆಸರು ಮಾತ್ರ ಬಿಟ್ಟು, ಉಳಿದ ನಾಲ್ವರು ಹೊರಡುತ್ತಿದ್ದರು. ಜನ ಹೆಚ್ಚಿದಷ್ಟೂ ಉತ್ಸಾಹ ಹೆಚ್ಚುವುದೆಂಬ ಊಹೆ ಇಲ್ಲಿದೆ ಎಂಬುದನ್ನು ವಾಚಕರು ಗಮನಿಸಬೇಕು. ‘ಇಂಥವರು ಬಂದರೆ ನಾನು ಒಲ್ಲೆ’ ಎಂಬ ಷರತ್ತು ಸೇರಿದರೆ ಲೆಕ್ಕ ಇಷ್ಟು ಸರಳವಾಗಿರದು.

ಪರದೆಯ ರಚನೆ

ಇದನ್ನು ಪರದೆಯ ಮೇಲೆ ಹೇಗೆ ತೋರಿಸಬೇಕು? ‘ಆಸೆಯಿದೆ’, ‘ಜೊತೆ ಸಿಕ್ಕರೆ ಬರುವೆ’, ‘ಖಂಡಿತ ಬರುವೆ’ ಎಂಬ ಮೂರು ಗುಂಡಿಗಳು ಸಾಕು. ಇವು ಮೂರನ್ನೂ ಒಂದೇ ಗುರುತಿನಲ್ಲಿ ಬೆರೆಸಬಾರದು. ಆಸೆಯನ್ನು ವಚನವೆಂದು ಎಣಿಸಿದರೆ ಹೊರಟವರು ಮೋಸಹೋಗುವರು. ಗುರಿ ದೊಡ್ಡದಾಗಿ ಹತ್ತಿರದಲ್ಲಿದ್ದಷ್ಟೂ ಕೈ ಬೇಗ ತಲಪುವುದೆಂದು ಅಮೆರಿಕದ ಪಾಲ್ ಫಿಟ್ಸ್ ೧೯೫೪ರಲ್ಲಿಯೇ ಅಳೆದು ತೋರಿಸಿದರು. ಆದುದರಿಂದ ಗುಂಡಿಗಳು ದೊಡ್ಡವಾಗಿ, ಹೆಬ್ಬೆರಳಿಗೆ ಸುಲಭವಾಗಿ ಎಟುಕುವಂತೆ ಪರದೆಯ ಕೆಳಭಾಗದಲ್ಲಿರಲಿ. ಬಣ್ಣದಿಂದಷ್ಟೇ ಭೇದವನ್ನು ಸೂಚಿಸಬಾರದು. ಕೆಂಪು ಹಸುರುಗಳನ್ನು ಬೇರ್ಪಡಿಸಿ ಕಾಣಲಾರದವರೂ ನಮ್ಮಲ್ಲಿದ್ದಾರೆ.

ಎಲ್ಲಕ್ಕಿಂತ ಮಿಗಿಲಾದುದು ಗುಟ್ಟಿನ ರಕ್ಷಣೆ. ೨೦೦೭ರಲ್ಲಿ ಫೇಸ್‌ಬುಕ್ ಸಂಸ್ಥೆಯು ‘ಬೀಕನ್’ ಎಂಬ ಏರ್ಪಾಡನ್ನು ತಂದಿತು. ಬೇರೆ ತಾಣಗಳಲ್ಲಿ ಜನರು ಮಾಡಿದ ಖರೀದಿ ಮುಂತಾದುವನ್ನು ಅದು ತಾನಾಗಿಯೇ ಅವರ ಸ್ನೇಹಿತರಿಗೆ ಸಾರುತ್ತಿತ್ತು. ಪ್ರತಿಭಟನೆಯೂ ವ್ಯಾಜ್ಯವೂ ಎದ್ದು, ೨೦೦೯ರಲ್ಲಿ ಅದನ್ನು ಮುಚ್ಚಬೇಕಾಯಿತು. ಸುಮ್ಮನಿದ್ದವರೆಲ್ಲ ಒಪ್ಪಿದರೆಂದು ಯಂತ್ರವು ತಿಳಿಯಬಾರದೆಂಬುದು ಇದರ ಪಾಠ. ನಮ್ಮ ಪರದೆಯಲ್ಲಿ ಕೂಟವು ಕೂಡಿದ ಮೇಲೆಯೇ ಹೆಸರುಗಳು ಕಾಣಲಿ, ಅದೂ ಕೂಡಿದವರಿಗೆ ಮಾತ್ರ. ಕೂಡದಿದ್ದರೆ ಯಾರ ಷರತ್ತೂ ಯಾರ ನಿರಾಕರಣೆಯೂ ಹೊರಬೀಳದಿರಲಿ. ನಿರಾಕರಿಸಿದವರಿಗೆ ಮುಜುಗರವಿಲ್ಲ, ಆಸೆಪಟ್ಟವರಿಗೆ ಅವಮಾನವಿಲ್ಲ.

ಒಂದು ಪ್ರಯೋಗ

ಇದನ್ನು ಪರೀಕ್ಷಿಸಲು ಕಂಪ್ಯೂಟರೇ ಬೇಕೆಂದಿಲ್ಲ. ಒಂದು ಕಚೇರಿಯನ್ನು ಆರಿಸಿ, ಗೆಳೆಯರಿಗೆ ಒಂದೊಂದು ಚೀಟಿ ಕೊಡಿ. ತಮ್ಮ ಹೆಸರನ್ನೂ ಮಿತಿಸಂಖ್ಯೆಯನ್ನೂ ಬರೆದು ಅವರು ಅದನ್ನು ಮಡಿಸಿ ಕೊಡಲಿ. ನಂಬಿಕೆಗೆ ಅರ್ಹರಾದ ಒಬ್ಬರು ಯಂತ್ರದ ಸ್ಥಾನದಲ್ಲಿ ಕುಳಿತು ಮೇಲಿನಂತೆ ಹೆಸರುಗಳನ್ನು ಹೊಡೆಯುತ್ತ ಬರಲಿ. ಉಳಿದವರಿಗೆ ಮಾತ್ರ ಫಲವನ್ನು ತಿಳಿಸಿ, ಚೀಟಿಗಳನ್ನು ಹರಿದುಹಾಕಲಿ. ಚೀಟಿಯಲ್ಲಿ ಯಾವ ಮಾತು ಗೆಳೆಯರಿಗೆ ಅರ್ಥವಾಗಲಿಲ್ಲವೆಂಬುದನ್ನು ನೀವು ಬದಿಯಲ್ಲಿ ನಿಂತು ಗುರುತುಹಾಕಿಕೊಳ್ಳಿ. ಸಂಪರ್ಕಮುಖವನ್ನು ರಚಿಸುವವರು ಮೊದಲು ಕಾಗದದ ಮೇಲೆ ಮಾಡುವ ಪರೀಕ್ಷೆಯೂ ಇಂತಹುದೇ.

ಲೆಕ್ಕ ಮುಗಿದೊಡನೆ ಯಂತ್ರದ ಕೆಲಸವೂ ಮುಗಿಯಿತು. ಶ್ರುತಿ ಸೇರುವ ಹೊತ್ತಿಗೆ ಚಪ್ಪರದಲ್ಲಿ ಅಕ್ಕಪಕ್ಕ ಕುಳಿತಿರುವವರು ನಾವು. ಆಗ ಪರದೆಯು ಜೇಬಿನಲ್ಲಿರುವುದೇ ಸರಿ.